ಅನುಮತಿ ಒತ್ತುವ ಮುನ್ನ

ಪೀರನವಾಡಿಯ ಗಜಾನನನದು ಬೈಕ್ ಬಿಡಿಭಾಗಗಳ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲ್‌ನಲ್ಲಿ ಕ್ರಿಪ್ಟೊ ವ್ಯಾಪಾರ. ಅದೂ ವಿಕೇಂದ್ರೀಕೃತ ತಾಣದಲ್ಲಿ. ಅಲ್ಲಿ ನಡುವೆ ಬ್ಯಾಂಕಿಲ್ಲ, ದೂರು ಕೇಳುವ ಮ್ಯಾನೇಜರ್ ಇಲ್ಲ. ಕಾಯಿನ್ ಇಡುವ ವಾಲೆಟ್ ನಮ್ಮದು, ಜವಾಬ್ದಾರಿಯೂ ನಮ್ಮದೇ.

ಖಾನಾಪುರದಲ್ಲಿ ಶಿಕ್ಷಕಿಯಾಗಿದ್ದ ಅವನ ಅಕ್ಕ ನೀಲಾ ಕೂಡ ಅಲ್ಲೇ ಸ್ವಲ್ಪ ವ್ಯವಹಾರ ಮಾಡುತ್ತಿದ್ದಳು. ಪ್ರತಿ ಸಲ ತಾಣದ ವಿಳಾಸ ನೋಡುವಳು, ವಾಲೆಟ್‌ನಿಂದ ಕಾಯಿನ್ ತೆಗೆಯಲು ತಾಣ ಕೇಳುವ ಅನುಮತಿಯನ್ನು ಪೂರ್ತಿ ಓದುವಳು.

"ನೀ ಓದಕೋತ ಕುಂದ್ರ ಅಕ್ಕಾ, ಅಷ್ಟರಾಗ ರೇಟ್ ಬದಲಾಗಿರತೈತಿ," ಎಂದು ಗಜಾನನ ನಗುತ್ತಿದ್ದ.

ಒಂದು ಮಧ್ಯಾಹ್ನ ವ್ಯಾಪಾರದ ಗ್ರೂಪಿನಲ್ಲಿ ಸಂದೇಶ ಬಂತು: "ತಾಣ ಬದಲಾಗುತ್ತಿದೆ. ಇಂದೇ ಈ ಲಿಂಕಿನಲ್ಲಿ ವಾಲೆಟ್ ಜೋಡಿಸಿ." ಗಿರಾಕಿಗೆ ಬ್ರೇಕ್ ವಾಯರ್ ತೆಗೆದುಕೊಡುತ್ತಲೇ ಅವನು ಅನುಮತಿ ಒತ್ತಿಬಿಟ್ಟ. ಆಮೇಲೆ ನೋಡಿದರೆ, ಹೆಂಡತಿ ಪ್ರಮಿಳಾಳ ಹೊಲಿಗೆ ದುಡ್ಡಿನಲ್ಲಿ ಕೊಂಡಿದ್ದ ಕಾಯಿನ್ ಎಲ್ಲ ಮಾಯ! ಬೇರೆ ಬಗೆಯ ಕಾಯಿನ್ ಸ್ವಲ್ಪ ಮಾತ್ರ ಉಳಿದಿತ್ತು. ಅಕ್ಕನಿಗೆ ಫೋನ್ ಮಾಡಿದ, ಗ್ರೂಪಿನಲ್ಲೂ ಗೋಳು ಹೇಳಿಕೊಂಡ.

ಸಂಜೆ ನೀಲಾ ಬಸ್ಸಿಳಿದು ಬಂದಾಗ ಅವನು ಏನೋ ಟೈಪ್ ಮಾಡುತ್ತಿದ್ದ. ತಾಣದ ಸಹಾಯಕನೆಂದು ಹೇಳಿಕೊಂಡ ಯಾರೋ ಒಬ್ಬ ವಾಲೆಟ್ ತೆರೆಯುವ ಗುಪ್ತ ಪದಗಳನ್ನು ಕೇಳಿದ್ದ.

"ನಿಂದ್ರೋ ತಮ್ಮಾ!" ನೀಲಾ ಫೋನಿನ ಮೇಲೆ ಕೈಯಿಟ್ಟಳು. "ಅವನ್ನ ಕೊಟ್ಟಿ ಅಂದ್ರ ಉಳದದ್ದೂ ಹೋಗತೈತಿ. ನನಗೂ ಹೇಳಬ್ಯಾಡ."

"ಮತ್ತ ಪ್ರಮಿಳಾನ ರೊಕ್ಕ?"

"ಅದು ಬರತೈತಿ ಅಂತ ಸುಳ್ಳ ಹೇಳಾಂಗಿಲ್ಲ. ಉಳದದ್ದನ್ನ ಉಳಿಸಿಕೊಳ್ಳೂಣು ಬಾ."

ಇಬ್ಬರೂ ಕೂತು ಆ ಲಿಂಕಿಗೆ ಕೊಟ್ಟಿದ್ದ ಅನುಮತಿಯನ್ನು ಮೊದಲು ರದ್ದು ಮಾಡಿದರು. ಹೊಸ ವಾಲೆಟ್ ತೆರೆದು ಸ್ವಲ್ಪವೇ ಕಳಿಸಿ ನೋಡಿದರು. ಅದು ಮುಟ್ಟಿದ ಮೇಲೆ ಉಳಿದದ್ದನ್ನು ಸಾಗಿಸಿದರು. ಸೈಬರ್ ದೂರಿನ 1930ಕ್ಕೂ ಫೋನ್ ಮಾಡಿದರು.

ಪ್ರಮಿಳಾಗೆ ಹೇಳುವುದೇ ಗಜಾನನನಿಗೆ ಕಷ್ಟವಾಯಿತು. ಅವಳು ಕೇಳಿ, ಹೊಲಿಯುತ್ತಿದ್ದ ಬಟ್ಟೆಯನ್ನು ಬದಿಗಿಟ್ಟಳು.

"ಇನ್ನ ಮ್ಯಾಲ ಒತ್ತೂಕಿಂತ ಮೊದಲ ನನ್ನ ಮುಂದ ಓದಿ ಹೇಳ್ರಿ. ನನಗ ತಿಳೀಲಿಲ್ಲಂದ್ರ ಒತ್ತಬ್ಯಾಡ್ರಿ," ಎಂದಳು.

ಅಂದಿನಿಂದ ಅದೇ ರೂಢಿ. ಮೊನ್ನೆ ಅವನು ಒಂದು ಅನುಮತಿಯನ್ನು ಓದಿ ಹೇಳುತ್ತಿದ್ದಾಗ ಪ್ರಮಿಳಾ ಹೊಲಿಗೆ ಯಂತ್ರ ನಿಲ್ಲಿಸಿದಳು.

"ಬೇಕಾಗಿದ್ದು ಸ್ವಲ್ಪ ಅಲ್ರಿ? ಎಲ್ಲಾ ಕಾಯಿನ್ ತಗೊಳ್ಳಾಕ ಯಾಕ ಅನುಮತಿ?"

ಗಜಾನನ ಬೆರಳು ಹಿಂದೆಗೆದ. ಬೇಕಾದಷ್ಟಕ್ಕೆ ಮಾತ್ರ ಎಂದು ತಿದ್ದಿ, ಮತ್ತೊಮ್ಮೆ ಓದಿ ಹೇಳಿದ. ಅವಳು ತಲೆಯಾಡಿಸಿದ ಮೇಲೆಯೇ ಒತ್ತಿದ.

ನೀವೂ ಈ ವ್ಯಾಪಾರ ಮಾಡುತ್ತಿದ್ದರೆ, ಹೋದರೆ ಮನೆ ನಡೆಯದು ಎನ್ನುವ ಹಣವನ್ನು ಇಲ್ಲಿಗೆ ತರಬೇಡಿ. ತಾಣವನ್ನು ನೀವೇ ಉಳಿಸಿಟ್ಟ ವಿಳಾಸದಿಂದ ತೆರೆಯಿರಿ, ಅವಸರ ಹಚ್ಚುವ ಲಿಂಕನ್ನು ಮುಟ್ಟಬೇಡಿ. ಗುಪ್ತ ಪದಗಳು ನಿಮ್ಮೊಬ್ಬರಲ್ಲೇ ಇರಲಿ. ಮೋಸ ಹೋದರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ತಿಳಿಸಿ. ರೇಟ್ ನಾಳೆಯೂ ಸಿಗುತ್ತದೆ. ಇವತ್ತು ಒಂದು ನಿಮಿಷ ನಿಂತು ಓದಿ.