ಎರಡನೆಯ ಲೋಕದ ಉರುವಲು

"ಇನ್ನು ಯಾವತ್ತೂ ನಿನಗೆ ಅರ್ಥ ಆಗಲ್ಲ ಅನ್ನಲ್ಲಮ್ಮ" ಎಂದು ಮಗಳು ಮಾತು ಕೊಟ್ಟಿದ್ದು ಏಳನೇ ತರಗತಿಯಲ್ಲಿ. ಶಕ್ತಿಯನ್ನು ಹುಟ್ಟಿಸಲೂ ಆಗದು, ಇಲ್ಲವಾಗಿಸಲೂ ಆಗದು ಎಂಬ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದವಳು, "ಹಾಗಾದ್ರೆ ಉರಿದದ್ದೆಲ್ಲ ಎಲ್ಲಿಗೆ ಹೋಗುತ್ತೆ?" ಎಂದು ಅಮ್ಮ ಕೇಳಿದ್ದಕ್ಕೆ "ನಿನಗೆ ಅರ್ಥ ಆಗಲ್ಲ" ಅಂದುಬಿಟ್ಟಿದ್ದಳು. ಅಮ್ಮ ಎರಡು ದಿನ ಮಾತು ಬಿಟ್ಟಳು; ಆಮೇಲೇ ಮಗಳು ಈ ಮಾತು ಕೊಟ್ಟದ್ದು. ಆಸ್ಪತ್ರೆಯ ಬಾಯ್ಲರ್ ನಡೆಸುವವಳಿಗೆ ಶಕ್ತಿಯ ವಿಷಯ ಅರ್ಥವಾಗುವುದಿಲ್ಲವೆಂದರೆ ಮೈ ಉರಿಯದೆ ಇರುತ್ತದೆಯೇ?

ಹದಿನೈದು ವರ್ಷಗಳ ಮೇಲೆ ಆ ಮಗಳು ಡಾಕ್ಟರೇಟಿನ ಮೌಖಿಕ ಪರೀಕ್ಷೆಗೆ ನಿಂತಿದ್ದಳು. ಯಾರು ಬೇಕಾದರೂ ಬಂದು ಕೇಳಬಹುದಿತ್ತು. ಅಮ್ಮ ಬೆಳಗಿನ ಪಾಳಿ ಮುಗಿಸಿ, ಕೈಯ ಮಸಿ ಉಜ್ಜಿ ತೊಳೆದು, ಬಂದು ಕೊನೆಯ ಸಾಲಿನಲ್ಲಿ ಕೂತಳು. ಪರದೆಯ ಮೇಲಿನ ಸಮೀಕರಣಗಳು ಇರುವೆ ಸಾಲಿನಂತೆ ಕಂಡವು. ಒಂದು ಮಾತು ಮಾತ್ರ ಕಿವಿಗೆ ಬಿತ್ತು: ಕಣವೊಂದನ್ನು ಅಳೆದಾಗ ಸಾಧ್ಯವಿರುವ ಫಲಿತಾಂಶಗಳೆಲ್ಲ ನಡೆಯುತ್ತವೆ, ಲೋಕವೇ ಕವಲೊಡೆಯುತ್ತದೆ.

"ಪ್ರಶ್ನೆಗಳಿದ್ದರೆ ಕೇಳಿ" ಎಂದರು ಹಿರಿಯ ಪರೀಕ್ಷಕರು.

ಅಮ್ಮ ಎದ್ದೇಬಿಟ್ಟಳು. "ಲೋಕ ಎರಡಾಯ್ತು ಅಂದ್ಯಲ್ಲ, ಎರಡನೇದಕ್ಕೆ ಉರುವಲು ಎಲ್ಲಿಂದ ಬಂತು?"

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಅದು ಗಣಿತದ ವಿಷಯ ತಾಯಿ, ನಿಮಗೆ..." ಎಂದು ಪರೀಕ್ಷಕರು ಶುರುಮಾಡುವಷ್ಟರಲ್ಲಿ ಮಗಳು ಬಾಯಿ ಹಾಕಿದಳು.

"ಸರ್, ಒಂದು ನಿಮಿಷ. ನಾನೇ ಹೇಳ್ತೀನಿ."

ಇಷ್ಟು ಜನರೆದುರು ಮಗಳೂ ಅದೇ ಮಾತು ಅಂದರೆ, ಅಮ್ಮನಿಗೆ ಹೊರಗೆ ನಡೆಯುವುದೊಂದೇ ದಾರಿ.

"ಅಮ್ಮ, ನಿನ್ನ ಬಾಯ್ಲರಿಂದ ಲಾಂಡ್ರಿಗೊಂದು ಪೈಪು, ಅಡುಗೆಮನೆಗೊಂದು. ಗೇಜು ಒತ್ತಡ ಎಷ್ಟು ತೋರಿಸುತ್ತೆ?"

"ಎರಡೂ ಕಡೆ ಏಳು."

"ಹಾಗಂತ ಹಬೆ ಎರಡು ಪಟ್ಟಾಯ್ತಾ?"

"ಎಲ್ಲಾಗುತ್ತೆ? ಇದ್ದದ್ದೇ ಹಂಚಿಹೋಗುತ್ತೆ."

"ಲೋಕಾನೂ ಹಾಗೇ. ಒಂದೊಂದು ಕವಲಿಗೂ ಒಂದೊಂದು ಪಾಲು. ಎಲ್ಲ ಕೂಡಿದ್ರೆ ಮೊದಲಿದ್ದಷ್ಟೇ. ಒಳಗಿರೋರಿಗೆ ಮಾತ್ರ ಪೂರ್ತಿ ಇದ್ದ ಹಾಗೇ ಕಾಣುತ್ತೆ."

ಅಮ್ಮ ಕೂರಲಿಲ್ಲ. "ನನಗೇ ಟೋಪಿ ಹಾಕ್ತೀಯಾ? ಎರಡೂ ವಾಲ್ವ್ ತೆರೆದ್ರೆ ಗೇಜಿನ ಮುಳ್ಳು ಕೂದಲೆಳೆಯಷ್ಟಾದ್ರೂ ಇಳಿಯುತ್ತೆ. ನಿಮ್ಮ ಲೋಕದಲ್ಲಿ ಯಾಕೆ ಇಳಿಯಲ್ಲ?"

ಕಿಸಕ್ಕೆಂದವರು ಈಗ ತಿರುಗಿ ನೋಡಿದರು. ಮಗಳು ಪರದೆ ಬಿಟ್ಟು ಅಮ್ಮನ ಕಡೆ ತಿರುಗಿದಳು. "ಯಾಕಂದ್ರೆ ಅಲ್ಲಿ ಗೇಜೂ ಲೋಕದ ಜೊತೆಗೇ ಕವಲಾಗಿರುತ್ತೆ. ಹೊರಗೆ ನಿಂತು ಅಳೆಯೋ ಗೇಜು ಯಾರ ಹತ್ರಾನೂ ಇಲ್ಲಮ್ಮ."

"ಹಾಂ, ಹಾಗೆ ಬಿಡಿಸಿ ಹೇಳು."

ಪರೀಕ್ಷಕರು ಪೆನ್ನು ತೆಗೆದು ಬರೆದುಕೊಂಡರು. "ಇದು ನಿಮ್ಮ ಪ್ರಬಂಧದಲ್ಲಿಲ್ಲ. ಸೇರಿಸಿ. ಪ್ರಶ್ನೆ ಕೇಳಿದವರು ಯಾರು?"

"ನಮ್ಮಮ್ಮ" ಎಂದಳು ಮಗಳು, ಮೈಕಿನ ಹತ್ತಿರ ಬಂದು. "ಬಾಯ್ಲರ್ ಆಪರೇಟರ್."

ಅಮ್ಮ ಎಷ್ಟು ಉಬ್ಬಿ ಕೂತಳೆಂದರೆ ಪಕ್ಕದವರು ಸರಿದು ಜಾಗ ಮಾಡಿಕೊಡಬೇಕಾಯಿತು.

ಮಗಳು ಕೊಟ್ಟ ಮಾತು ಉಳಿಸಿಕೊಂಡಳು.