ಮೂರು ಮೂಲೆಯ ಸ್ಕ್ರೂ

ನಮ್ಮಕ್ಕನ ಮಗಳಿಗೆ ಮನೆಯಲ್ಲಿ ಪಟಾಕಿ ಎಂದೇ ಹೆಸರು. ಇಂಜಿನಿಯರಿಂಗ್ ಓದುವಾಗ ಗೆಳೆಯರ ಜೊತೆ ಸೇರಿ ಒಂದು ಯಂತ್ರ ಮಾಡಿದಳು. ಹುಟ್ಟಿದ ಮಗು ಅಳದಿದ್ದರೆ ಅದರ ಗಂಟಲಲ್ಲಿ ಕಟ್ಟಿದ ಲೋಳೆಯನ್ನು ಎಳೆದು ತೆಗೆಯುವ ಪಂಪು, ಊಟದ ಡಬ್ಬಿಯಷ್ಟು ದೊಡ್ಡದು.

ನನ್ನದು ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ. ಮೂವತ್ತು ವರ್ಷ ಪರದೆಯ ಹಿಂದೆ ಕೂತೇ ಕೆಲಸ ಮಾಡಿದವನು. ಗಿರಾಕಿ ಒಳಗಿನದನ್ನು ನೋಡಿಬಿಟ್ಟರೆ ಮುಂದಿನ ಸಲ ತಾನೇ ಬಿಚ್ಚುತ್ತಾನೆ, ಆಮೇಲೆ ನನ್ನ ಹೊಟ್ಟೆಪಾಡು? ಅದಕ್ಕೇ ಪಟಾಕಿ ಸಲಹೆ ಕೇಳಿದಾಗ, "ಮಾಮೂಲಿ ಸ್ಕ್ರೂ ಹಾಕ್ಬೇಡ. ಕಂಡಕಂಡೋರು ಕೈಯಾಡಿಸಿ ಕೆಡಿಸ್ತಾರೆ," ಎಂದು ಮೂರು ಮೂಲೆಯ ಸ್ಕ್ರೂಗಳನ್ನು ನಾನೇ ಹುಡುಕಿ ತಂದುಕೊಟ್ಟೆ. ಅವನ್ನು ಬಿಚ್ಚುವ ಸ್ಕ್ರೂಡ್ರೈವರ್ ಎಲ್ಲ ಕಡೆ ಸಿಗುವುದಿಲ್ಲ. ಮೇಲೊಂದು ಕೆಂಪು ಚೀಟಿ: 'ಬಿಚ್ಚಿದರೆ ಗ್ಯಾರಂಟಿ ಇಲ್ಲ'. ತಲೆಯೆಂದರೆ ನನ್ನದು ಎಂದು ಬೀಗಿದೆ.

ಕಾಲೇಜು ಅಂಥ ಆರು ಯಂತ್ರಗಳನ್ನು ಹೊರದೇಶದ ಒಂದು ಹೆರಿಗೆ ಆಸ್ಪತ್ರೆಗೆ ಕೊಟ್ಟಿತು. ವರ್ಷದ ಮೇಲೆ, ಅವು ಹೇಗೆ ನಡೆಯುತ್ತಿವೆ ಎಂದು ನೋಡಿ ಬರಲು ಪಟಾಕಿಯನ್ನು ಆರು ವಾರಕ್ಕೆ ಕಳಿಸಿತು. ಮೂರನೇ ದಿನವೇ ವೀಡಿಯೊ ಕರೆ ಬಂತು. ಹುಡುಗಿಯ ಮುಖ ಬಾಡಿಹೋಗಿತ್ತು.

"ಮಾವ, ಆರೂ ಬೀರುವಿನಲ್ಲಿವೆ. ಪ್ಲಾಸ್ಟಿಕ್ ಕವರೂ ತೆಗೆದಿಲ್ಲ. ಬೀರುಗೆ ಬೀಗ."

"ಯಾಕಂತೆ?"

"ಹೆಡ್ ನರ್ಸು ಅಂತಾರೆ, 'ಕೆಟ್ಟರೆ ಬಿಚ್ಚೋಕೂ ಆಗಲ್ಲ, ಸಹಿ ಹಾಕಿ ತಗೊಂಡೋಳು ನಾನು, ಉತ್ತರ ಯಾರು ಹೇಳೋದು?' ಈಗ್ಲೂ ಕೈಯಲ್ಲಿ ಹಿಂಡೋ ರಬ್ಬರ್ ಬಲ್ಬಲ್ಲೇ ಲೋಳೆ ಎಳೀತಾರೆ. ಹೋದ ವಾರ ಒಂದು ಮಗು ಉಳೀಲಿಲ್ಲ. ಯಂತ್ರ ಹತ್ತು ಹೆಜ್ಜೆ ದೂರದಲ್ಲಿತ್ತು ಮಾವ."

ಆ ಸ್ಕ್ರೂ ನನ್ನದು.

ಹದಿನೈದು ದಿನ ಕಾಡಿ ಬೇಡಿದ ಮೇಲೆ ಹೆಡ್ ನರ್ಸು ಒಂದನ್ನು ಹೊರತೆಗೆದು ಲೋಟದ ನೀರಿಗೆ ಹಚ್ಚಿ ನೋಡಲು ಒಪ್ಪಿದರು. ಯಂತ್ರ ಎರಡು ಸಲ ಗೊರಗೊರ ಎಂದು ನಿಂತೇಬಿಟ್ಟಿತು. "ನಾನು ಹೇಳ್ಲಿಲ್ವಾ?" ಎಂದು ಅವರು ಬೀಗದ ಕೈ ಎತ್ತಿಕೊಂಡರು. ಪಟಾಕಿ ಅಲ್ಲಿಂದಲೇ ವೀಡಿಯೊ ಕರೆ ಮಾಡಿದಳು. ಇವತ್ತು ಮುಚ್ಚಿದರೆ ಬೀರು ಇನ್ನು ತೆರೆಯುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

"ವಾಷರ್ ಅಂಟ್ಕೊಂಡಿರುತ್ತೆ, ಬಿಚ್ಚು," ಎಂದೆ.

"ಹೇಗೆ ಬಿಚ್ಚಲಿ? ಸ್ಕ್ರೂಡ್ರೈವರ್‌ನ ವಿಮಾನ ನಿಲ್ದಾಣದಲ್ಲೇ ಕಿತ್ಕೊಂಡ್ರು."

"ಪ್ಲಾಸ್ಟಿಕ್ ಪೆನ್ನಿನ ತುದಿ ಕಾಯಿಸು. ಮೆತ್ತಗಾದಾಗ ಸ್ಕ್ರೂ ತಲೆಗೆ ಒತ್ತಿ ಹಿಡಿ. ಗಟ್ಟಿಯಾದ್ಮೇಲೆ ಅದೇ ಸ್ಕ್ರೂಡ್ರೈವರ್."

ಹೆಂಡತಿಗೂ ಹೇಳದೆ ಬಚ್ಚಿಟ್ಟಿದ್ದ ಗುಟ್ಟು ಅದು. ಪಟಾಕಿ ಹೇಳಿದ ಹಾಗೇ ಮಾಡಿದಳು. ಪೆನ್ನು ಗಟ್ಟಿಯಾದ ಮೇಲೆ ಅದನ್ನು ಹೆಡ್ ನರ್ಸಿನ ಕೈಗಿಟ್ಟಳು.

"ಅವರಿಗ್ಯಾಕೆ ಕೊಡ್ತೀಯೇ, ನೀನೇ ತಿರುಗ್ಸು," ಎಂದು ರೇಗಿದೆ.

"ನಾನು ತಿರುಗಿಸಿದ್ರೆ ನಾನು ಹೊರಟ ದಿನವೇ ಮತ್ತೆ ಬೀಗ ಬೀಳುತ್ತೆ. ಸ್ವಲ್ಪ ಸುಮ್ನಿರಿ ಮಾವ."

ಹೆಡ್ ನರ್ಸು ಮೊದಲು ಕೆಂಪು ಚೀಟಿಯನ್ನು ಉಗುರಲ್ಲಿ ಕೆರೆದು ತೆಗೆದರು. ನಾಲ್ಕು ಸ್ಕ್ರೂ ಬಿಚ್ಚಿದರು, ವಾಷರ್ ಬಿಡಿಸಿ ಒರೆಸಿ ಕೂರಿಸಿದರು. ಲೋಟದ ನೀರು ಸರ್ರನೆ ಕೊಳವೆಯಲ್ಲಿ ಏರಿತು. ಅವರು ನಗಲೂ ಇಲ್ಲ, ಮತ್ತೊಮ್ಮೆ ತಾವೇ ಬಿಚ್ಚಿ ಜೋಡಿಸಿದರು. ಆಮೇಲೆ ಬೀರುವಿನಿಂದ ಉಳಿದ ಐದನ್ನೂ ಮೇಜಿಗೆ ತಂದಿಟ್ಟರು.

ಪಟಾಕಿಗೆ ದೊಡ್ಡ ಕಾರ್ಖಾನೆಯೊಂದರಲ್ಲಿ ಕೆಲಸ ಕಾದಿತ್ತು. ವಾಪಸು ಬಂದವಳೇ ಬೇಡವೆಂದು ಬರೆದು ಹಾಕಿ, ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ತನ್ನದೇ ಕಂಪನಿ ತೆರೆದಳು. ಅಕ್ಕ ತಲೆ ಚಚ್ಚಿಕೊಂಡಳು. ಈಗ ಯಂತ್ರಕ್ಕೆ ಮಾಮೂಲಿ ಸ್ಕ್ರೂ, ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಸ್ಕ್ರೂಡ್ರೈವರ್. ಆಸ್ಪತ್ರೆಯ ಇಬ್ಬರು ನರ್ಸುಗಳು ಮೂರು ಸಲ ಬಿಚ್ಚಿ ಜೋಡಿಸಿ ತೋರಿಸುವವರೆಗೆ ಯಾರಿಗೂ ಮಾರುವುದಿಲ್ಲ. ಇಂಥ ಹಟಮಾರಿ ವ್ಯಾಪಾರ ನಾನು ಕಂಡಿಲ್ಲ. ಆದರೂ ಹನ್ನೊಂದು ಆಸ್ಪತ್ರೆಗಳು ಕೊಂಡಿವೆ. ನನಗೆ ಅವಳ ಬಗ್ಗೆ ಹೆಮ್ಮೆ, ನನ್ನ ಬಗ್ಗೆ ನಾಚಿಕೆ.

"ಕಲಿಸೋಕೆ ನಿಮಗಿಂತ ಒಳ್ಳೆ ಕೈ ಇಲ್ಲ ಮಾವ," ಎಂದು ಕಳೆದ ಸೋಮವಾರ ಇಬ್ಬರು ನರ್ಸುಗಳನ್ನು ನನ್ನ ಅಂಗಡಿಗೇ ಕಳಿಸಿದಳು. ನಾನು ಅಭ್ಯಾಸಬಲದಿಂದ ಯಂತ್ರ ಎತ್ತಿಕೊಂಡು ಪರದೆಯ ಹಿಂದೆ ಹೋಗಿ ಕೂತೆ.

"ನಾವು ಎಲ್ಲಿ ಕೂರೋದು?" ಎಂದು ಹೊರಗಿನಿಂದ ಕೇಳಿದರು.

ಎದ್ದು ಪರದೆಯನ್ನು ಕಿತ್ತೆ. ಮೂರು ತುಂಡು ಹರಿದು, ಕೈ ಒರೆಸಿಕೊಳ್ಳಲು ಅವರಿಗೆ ಒಂದೊಂದು ಕೊಟ್ಟು, ನಾನೊಂದು ಇಟ್ಟುಕೊಂಡೆ.