ಪಡಸಾಲೆಯ ಮೋಡಪಟ

ನಾನು ಒಂದು ಪಟ, ಮೋಡಗಳ ಪಟ. ಹುಟ್ಟಿದ್ದು ಮುದ್ರಣಾಲಯದಲ್ಲಿ. ದಪ್ಪ ಕಾಗದದ ಮೇಲೆ ಮೊದಲು ನೀಲಿ ಬಿತ್ತು, ಆಮೇಲೆ ಬೂದು, ಕೊನೆಗೆ ಕಪ್ಪು ಅಕ್ಷರ. ಬೆನ್ನಿಗೆ ಬಟ್ಟೆ ಅಂಟಿಸಿ, ತಲೆಗೂ ಕಾಲಿಗೂ ಒಂದೊಂದು ಮರದ ಕೋಲು ಬಡಿದರು. ನನ್ನ ಮೈಮೇಲೆ ಹತ್ತು ಬಗೆಯ ಮೋಡಗಳಿವೆ. ಮೇಲಿನ ಸಾಲಿನಲ್ಲಿ ಹಿಂಜಿದ ಅರಳೆಯಂಥ ಹಿಮಕಣದ ಮೋಡ, ನಡುವೆ ಕುರಿಮಂದೆಯಂಥವು, ಕೆಳಗೆ ಪದರು ಮೋಡ, ರಾಶಿ ಮೋಡ, ಮಳೆ ಹೊತ್ತ ಕಪ್ಪು ಮೋಡ.

ಇಪ್ಪತ್ತೆರಡು ವರ್ಷ ಒಂದು ಹವಾಮಾನ ವೀಕ್ಷಣಾಲಯದ ಗೋಡೆಯ ಮೇಲಿದ್ದೆ. ಅಲ್ಲಿನ ವೀಕ್ಷಕರು ಚನ್ನವೀರಪ್ಪ ಹೊಸಮನಿ. ದಿನಾ ಬೆಳಿಗ್ಗೆ ಎಂಟೂವರೆಗೆ ಮಾಳಿಗೆ ಹತ್ತಿ, ಆಕಾಶವನ್ನು ಕಣ್ಣಳತೆಯಲ್ಲೇ ಎಂಟು ಪಾಲು ಮಾಡಿ, ಎಷ್ಟು ಪಾಲು ಮೋಡವಿದೆ ಎಂದು ಬರೆಯುತ್ತಿದ್ದರು. ನನ್ನತ್ತ ನೋಡಿದ್ದು ಕಡಿಮೆ. ಹತ್ತೂ ಅವರಿಗೆ ಬಾಯಿಪಾಠ. ಅವರು ನಿವೃತ್ತರಾದಾಗ ಕಚೇರಿಗೆ ಹೊಸ ಪಟ ಬಂದಿತ್ತು. ನನ್ನನ್ನು ಕೇಳಿ ಪಡೆದು, ಸುತ್ತಿ ಕಂಕುಳಲ್ಲಿಟ್ಟುಕೊಂಡು ಊರಿಗೆ ಬಂದು, ಮನೆಯ ಪಡಸಾಲೆಯ ಗೋಡೆಗೆ ತೂಗುಹಾಕಿದರು.

ಊರು ಹಾವೇರಿ ಸೀಮೆಯದು. ಚಳಿಗಾಲ ಬಂತೆಂದರೆ ಕಣಗಳೆಲ್ಲ ಮೆಣಸಿನಕಾಯಿಯಿಂದ ಕೆಂಪು. ಅವರ ಪಡಸಾಲೆಯ ಎದುರಿಗೇ ಫಕ್ಕೀರವ್ವನ ಕಣ. ಗಂಡ ತೀರಿಕೊಂಡ ಮೇಲೆ ಎರಡೆಕರೆಯನ್ನು ಆಕೆ ಒಬ್ಬಳೇ ಮಾಡುತ್ತಿದ್ದಳು. ಪ್ರತಿ ಸೋಮವಾರ ಚನ್ನವೀರಪ್ಪ ಪಡಸಾಲೆಯ ಕರಿಹಲಗೆಯ ಮೇಲೆ ಆ ವಾರದ ಹವೆ ಹೇಗಿರಬಹುದೆಂದು ಬರೆಯುತ್ತಿದ್ದರು. ಆಕೆಗೆ ಓದು ಬಾರದು. ಹಾದಿಹೋಕರಿಂದ ಓದಿಸಿ ಕೇಳಿ ಕಾಯಿ ಹರವುತ್ತಿದ್ದಳು.

ಒಂದು ಡಿಸೆಂಬರಿನಲ್ಲಿ ‘ವಾರವಿಡೀ ಒಣ ಹವೆ’ ಎಂದು ಬರೆದರು. ಗುರುವಾರ ಮಧ್ಯಾಹ್ನ ಮಳೆ ಹೊಡೆಯಿತು. ಫಕ್ಕೀರವ್ವನ ಕಾಯಿ ಬಿಳಿಚಿಕೊಂಡು ಬೂಸ್ಟು ಹಿಡಿಯಿತು. ಆಕೆ ಪಡಸಾಲೆಗೆ ಬಂದಳು. ದನಿ ಏರಿಸಲಿಲ್ಲ.

“ಮೂರು ದಿನದಿಂದ ಮ್ಯಾಲ ಅರಳಿ ಹಿಂಜಿದಂಗ ಮ್ವಾಡ ಇತ್ತು, ಸರ್ರ. ನೀವು ನೋಡಲಿಲ್ಲೇನು?”

ಚನ್ನವೀರಪ್ಪ ದನಿ ಬಂದತ್ತ ಮುಖ ತಿರುಗಿಸಿದರು.

“ಕಾಣಲಿಲ್ಲವ್ವ. ಎರಡು ವರ್ಷ ಆತು. ಕಣ್ಣಿನ ನರ ಒಣಗೈತಿ, ನೋಟ ಇನ್ನ ಬರಂಗಿಲ್ಲ ಅಂದಾರ ಡಾಕ್ಟರು. ರೇಡಿಯೋ ಕೇಳಿ ಅಂದಾಜಿಗೆ ಬರೀತಿದ್ದೆ.”

ನನಗದು ಮೊದಲೇ ಗೊತ್ತಿತ್ತು. ಎರಡು ವರ್ಷದಿಂದ ನನ್ನ ಧೂಳು ಒರೆಸಲು ಬಂದರೆ ಅವರ ಕೈ ಪಕ್ಕದ ಬರಿ ಗೋಡೆಯನ್ನು ಒರೆಸಿ ಹೋಗುತ್ತಿತ್ತು. ಮರುದಿನ ಅವರು ಹಲಗೆಯನ್ನು ಒಳಗಿಟ್ಟರು. ಊರವರು ಕೇಳಿದರೆ ವಯಸ್ಸಾಯಿತೆಂದರು.

ಮುಂದಿನ ಚಳಿಗಾಲದಲ್ಲಿ ಫಕ್ಕೀರವ್ವ ಮತ್ತೆ ಬಂದು ನನ್ನ ಮುಂದೆ ನಿಂತಳು. ಒಂದೊಂದು ಚಿತ್ರವನ್ನೂ ಮುಟ್ಟಿ, ಇದೇನು, ಇದು ಬಂದರೆ ಮುಂದೇನು ಎಂದು ಕೇಳಿದಳು. ಅವರು ಕುರ್ಚಿಯಲ್ಲೇ ಕೂತು, ಯಾವ ಸಾಲು, ಎಷ್ಟನೆಯದು ಎಂದು ತಿಳಿದುಕೊಂಡು ನೆನಪಿನಿಂದಲೇ ಹೇಳಿದರು.

ಕಾಯಿ ಹರವಿದ ವಾರ, ಸೋಮವಾರ ಬಾನು ನೋಡಿ ಬಂದ ಆಕೆಯ ಬೆರಳು ಅರಳೆಯ ಮೋಡದ ಮೇಲಿತ್ತು. ಮಂಗಳವಾರ ಬಾನಿಗೆಲ್ಲ ತೆಳ್ಳನೆಯ ಪರದೆ, ಸೂರ್ಯನ ಸುತ್ತ ಬಳೆ. ಬುಧವಾರ ಬೂದು ಪದರು. ಸೂರ್ಯ ಮಸುಕಾಗಿ ಕಂಡರೂ ನೆರಳು ಬೀಳಲಿಲ್ಲ. ಯಾವ ದಿಕ್ಕಿನಿಂದ ದಟ್ಟವಾಗುತ್ತಿದೆ ಎಂದು ಅವರು ಕೇಳಿದರು. ಮೂಡಲಿನಿಂದ ಎಂದಳು. ಚಳಿಗಾಲದ ಮಳೆ ಬರುವುದು ಆ ದಿಕ್ಕಿನಿಂದಲೇ. ಕಾಯಿಗೆ ಇನ್ನೂ ಎರಡು ಬಿಸಿಲು ಬೇಕಿತ್ತು. ಹಸಿ ಇದ್ದಾಗಲೇ ರಾಶಿ ಹಾಕಿದರೆ ಒಳಗೇ ಬೆವೆತು ಕೆಡುತ್ತದೆ, ಹರವಿಟ್ಟರೆ ತೊಯ್ಯುತ್ತದೆ.

“ನನ್ನ ಮಾತಿನ ಮ್ಯಾಲೆ ಏನೂ ಮಾಡಬ್ಯಾಡವ್ವ,” ಎಂದರು.

“ಮಾತು ನಿಮ್ಮದಲ್ರಿ, ಕಣ್ಣು ನಂದು. ಈ ಮ್ವಾಡದ ಮುಂದ ಏನು ಬರತೈತಿ, ಅಷ್ಟ ಹೇಳ್ರಿ.”

“ಮಳಿ,” ಎಂದರು ಚನ್ನವೀರಪ್ಪ. “ಒಂದು ದಿನದಾಗ, ಹೆಚ್ಚಂದ್ರ ಎರಡು.”

ಆಕೆ ಸಂಜೆಯೊಳಗೆ ಕಾಯಿ ಬಳಿದು ರಾಶಿ ಮಾಡಿ, ತಾಡಪತ್ರಿ ಹೊದಿಸಿ, ಸುತ್ತ ಕಲ್ಲು ಹೇರಿದಳು. ಗುರುವಾರ ಒಂದು ಹನಿಯೂ ಬೀಳಲಿಲ್ಲ. ಅಕ್ಕಪಕ್ಕದ ಕಣದವರು ನಕ್ಕರು. ಆಕೆ ಗಳಿಗೆಗೊಮ್ಮೆ ಅಂಚೆತ್ತಿ ಕಾಯಿ ಮೂಸುತ್ತಿದ್ದಳು. ಚನ್ನವೀರಪ್ಪ ಊಟ ಮುಟ್ಟಲಿಲ್ಲ. ಶುಕ್ರವಾರ ದನ ಹೊರಡುವ ಹೊತ್ತಿಗೆ ಶುರುವಾದ ಮಳೆ ಶನಿವಾರ ಬೆಳಿಗ್ಗೆ ನಿಂತಿತು. ರಾಶಿ ಬಿಚ್ಚಿದಾಗ ಅಡಿಯ ಕಾಯಿ ಒಂದಿಷ್ಟು ಕೆಟ್ಟಿತ್ತು, ಉಳಿದದ್ದು ಉಳಿದಿತ್ತು. ಆಕೆ ಒಂದು ಹಿಡಿ ತಂದು ಅವರ ಅಂಗೈಗೆ ಹಾಕಿದಳು. ಅವರು ಬೆರಳಲ್ಲೇ ಒಂದೊಂದನ್ನೂ ತಿರುವಿ ನೋಡಿದರು.

ಆಮೇಲೆ ಮೂರು ಚಳಿಗಾಲ ಅವರು ಬದುಕಿದ್ದರು. ಹಲಗೆ ಮತ್ತೆ ಹೊರಗೆ ಬಂತು; ಆಕೆ ಕಂಡದ್ದನ್ನು ಕೇಳಿ ಅವರು ಬರೆಯುತ್ತಿದ್ದರು. ಸಾಲಿನ ಮೇಲೆ ಸಾಲು ಹತ್ತಿದ ಅವರ ಬರಹವನ್ನು ಓದುವುದೇ ಕಷ್ಟವಾಗಿತ್ತು. ಜನ ಓದದೆ ಫಕ್ಕೀರವ್ವನನ್ನೇ ಕೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಆಕೆ ಅವರ ಮನೆಯವರನ್ನು ಕೇಳಿ ನನ್ನನ್ನು ತಂದು ಕಾಳಿನ ಕೋಣೆಯಲ್ಲಿ ತೂಗುಹಾಕಿದಳು. ಈಗ ನನ್ನ ಬಣ್ಣ ಹಾರಿದೆ, ಒಂದು ಮೂಲೆಯನ್ನು ಇಲಿ ತಿಂದಿದೆ. ಹತ್ತು ಚಿತ್ರಗಳಲ್ಲಿ ಬಾನೆಲ್ಲ ಹಿಡಿಸದು. ಅದು ನನಗೂ ಗೊತ್ತು, ಆಕೆಗೂ ಗೊತ್ತು. ಆಕೆಯ ಮಾತು ಒಮ್ಮೊಮ್ಮೆ ತಪ್ಪುತ್ತದೆ. ತಪ್ಪಿದ ದಿನ ಮನೆಯಲ್ಲಿ ಕೂರುವುದಿಲ್ಲ. ಸೆರಗು ಸಿಕ್ಕಿಸಿಕೊಂಡು ಯಾರ ಕಣ ತೊಯ್ದಿದೆಯೋ ಅಲ್ಲಿಗೆ ಹೋಗಿ, ಕತ್ತಲಾಗುವವರೆಗೆ ಅವರ ಜೊತೆ ಒದ್ದೆ ಕಾಯಿ ಆರಿಸುತ್ತಾಳೆ.